ಚಿನ್ನವಿಲ್ಲದ ನೆಲಕ್ಕೆ ಬಂದವರು

ಕೆಜಿಎಫ್ ಕಥೆ ಎಲ್ಲರಿಗೂ ಗೊತ್ತು. 1875ರಲ್ಲಿ ಮೈಕೆಲ್ ಲವೆಲ್ ಗಣಿ ಗುತ್ತಿಗೆ ಹಿಡಿದ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, ಬಯಲಲ್ಲಿ ಊರು ಎದ್ದಿತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ದಾವಣಗೆರೆಯೂ ಹೊರಗಿನವರು ಬಂದು ಕಟ್ಟಿದ ಊರೇ. ಆದರೆ ಅವರನ್ನು ಕರೆತಂದದ್ದು ಚಿನ್ನವಲ್ಲ, ಸಂತೆ.

ಬೇತೂರಿನ ಮಗ್ಗುಲಲ್ಲಿದ್ದ ಈ ಹಳ್ಳಿಯನ್ನು ಹೈದರಾಲಿ ಅಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆ ಕೊಟ್ಟ. ಮಲೆನಾಡಿನ ಅಡಿಕೆ, ಮೆಣಸು ಈ ದಾರಿಯಾಗಿ ದೂರದ ವಾಲಾಜಾಪೇಟೆಗೆ ಹೋದರೆ, ಮದ್ರಾಸಿನ ಸರಕು ಇತ್ತ ಬರುತ್ತಿತ್ತು. ಸುತ್ತಲಿನ ಕುರುಬರ ಕಂಬಳಿಗೂ ಗಿರಾಕಿ ಇತ್ತು. ಆಮೇಲೆ ರೈಲು, ಹತ್ತಿ, ಗಿರಣಿ. 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು.

ಬಂದವರೆಲ್ಲ ಸಾಹುಕಾರರೇನಲ್ಲ. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು 1928ರಲ್ಲಿ ಬಂದ ಚೆನ್ನಮ್ಮ ನಾಟಕದ ಥಿಯೇಟರಿನ ಎದುರು ರಾಗಿ ದೋಸೆ ಹುಯ್ದರು, ಬೆಣ್ಣೆ ದೋಸೆಯ ಮೂಲ ಅದೇ ಎಂದು ಊರು ಹೇಳುತ್ತದೆ. ಮಂಡಕ್ಕಿ ಭಟ್ಟಿಗಳಲ್ಲಿ ಇಂದಿಗೂ ಕಾದ ಮರಳಿಗೆ ಉಪ್ಪು ಹಿಡಿದ ಅಕ್ಕಿ ಬೀಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ, ಜರಡಿಗೆ ಬೀಳುತ್ತದೆ. ಬೆಂಕಿಯ ಮುಂದೆ ನಿಂತವರ ಬೆವರಿಗೆ ಮಾತ್ರ ಯಾವ ಬಿರುದೂ ಸಿಕ್ಕಿಲ್ಲ.

ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರದ್ದು ಬೇರೆ ದಾರಿ. ಹೊಯ್ಸಳರ ಕಾಲದ ಹರಿಹರೇಶ್ವರನ ಕ್ಷೇತ್ರಕ್ಕೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು. ಇಲ್ಲಿನ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳಿಗೆಲ್ಲ ಹೋದವು. ಕೆಜಿಎಫ್‌ಗೆ ಹೋಲಿಸಬೇಕಾದದ್ದು ನಿಜಕ್ಕೂ ಹರಿಹರವನ್ನೇ. ಸೈರನ್ ಕೂಗಿದರೆ ಊರಿಗೆ ಬೆಳಗು, ಸಂಬಳವಾದರೆ ಅಂಗಡಿಗೆ ವ್ಯಾಪಾರ. ಹೊಸ ಶತಮಾನದ ಆರಂಭದಲ್ಲಿ ಕಾರ್ಖಾನೆಗೆ ಬೀಗ ಬಿದ್ದಾಗ ಪೆಟ್ಟು ತಿಂದದ್ದು ಕಾರ್ಮಿಕರಷ್ಟೇ ಅಲ್ಲ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ.

ದಾವಣಗೆರೆಯ ಗಿರಣಿಗಳೂ ಒಂದೊಂದಾಗಿ ನಿಂತವು. ಊರು ನಿಲ್ಲಲಿಲ್ಲ. 1951ರಲ್ಲೇ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಗಿದ್ದವು. ಒಂದೇ ಸರಕನ್ನು ನಂಬದ ಸಂತೆಯ ಬುದ್ಧಿ ಕೈಹಿಡಿಯಿತು ಎಂದೇ ನನ್ನ ಎಣಿಕೆ.

ಲೇತ್ ಹಿಡಿದ ಕೈಗಳು, ಗಿರಣಿಯಲ್ಲಿ ನೂಲು ತೆಗೆದವರು ಇನ್ನೂ ನಮ್ಮ ನಡುವೆ ಇದ್ದಾರೆ, ವಯಸ್ಸಾಗಿದೆ. ಎರಡೂ ಊರಿನ ಕಾಲೇಜು ಹುಡುಗರು ಈ ವರ್ಷವೇ ಅವರ ಮನೆಗೆ ಹೋಗಿ ಕೂತು, ಅವರ ಮಾತನ್ನು ಬರೆದುಕೊಳ್ಳಲಿ.