ಹಂದಿಯ ಮೂಗಿಗೆ ಮರೆಯುಂಟೆ?

ಅಮೆರಿಕದ ಟೆಕ್ಸಾಸಿನಲ್ಲಿ ಕಾಡುಹಂದಿ ಬೇಟೆಗೆ ಹೊರಡುವವರು ಮೊದಲು ಕೊಳ್ಳುವುದು ಎಲೆ, ತೊಗಟೆಗಳ ಚಿತ್ತಾರವಿರುವ ಉಡುಪನ್ನು. ಹಂದಿಯ ಕಣ್ಣನ್ನು ಬಲ್ಲವರಿಗೆ ಈ ಖರ್ಚಿನ ಬಹುಪಾಲು ದಂಡವೆನಿಸುತ್ತದೆ. ಬಣ್ಣ ಗುರುತಿಸುವ ಶಂಕುಕೋಶಗಳು ನಮಗೆ ಮೂರು ಬಗೆಯವಿದ್ದರೆ ಹಂದಿಗೆ ಎರಡೇ: ಒಂದು ಸುಮಾರು 439 ನ್ಯಾನೋಮೀಟರ್ ತರಂಗಾಂತರದ ನೀಲಿಗೆ, ಇನ್ನೊಂದು 556ರ ಆಸುಪಾಸಿನ ಹಳದಿ-ಹಸಿರಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಹಾಗಾಗಿ ಕೆಂಪಂಗಿಯನ್ನೂ ಹಸಿರಂಗಿಯನ್ನೂ ಬಣ್ಣದಿಂದ ಬೇರ್ಪಡಿಸುವುದು ಅದಕ್ಕೆ ಕಷ್ಟ. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ನೋಟದ ಹರವು ದೊಡ್ಡದು, ಚಲನೆಯೂ ಬೇಗ ಕಾಣುತ್ತದೆ. ಆದರೆ ಸೂಕ್ಷ್ಮ ವಿವರ ಮಸುಕು. ಎಲೆಯ ನರನರವನ್ನೂ ಅಚ್ಚೊತ್ತಿದ ಬಟ್ಟೆ ಮರುಳು ಮಾಡುವುದು ಹಂದಿಯನ್ನಲ್ಲ, ಗಿರಾಕಿಯನ್ನು. ಅಲುಗಾಡದೆ ಕೂತವನಿಗೆ ಹಳೆಯ ಕಂದು ಅಂಗಿಯೂ ಸಾಕು.

ಹಂದಿ ಲೋಕವನ್ನು ಅರಿಯುವುದು ಮೂಗಿನಿಂದ. 2012ರಲ್ಲಿ ಅದರ ಜೀನೋಮನ್ನು ಓದಿದಾಗ ಸಕ್ರಿಯವಾದ ವಾಸನಾಗ್ರಾಹಿ ಜೀನುಗಳು 1,100ಕ್ಕೂ ಹೆಚ್ಚು ಸಿಕ್ಕವು. ಮನುಷ್ಯನಲ್ಲಿ ಅವು ಸುಮಾರು 400. ಮಣ್ಣಿನಡಿ ಹುದುಗಿದ ಟ್ರಫಲ್ ಅಣಬೆಯನ್ನು ಯುರೋಪಿನವರು ಹಂದಿಯಿಂದ ಹುಡುಕಿಸಿದ್ದು ಇದೇ ಮೂಗನ್ನು ನಂಬಿ. ಇಂಥ ಪ್ರಾಣಿಯೆದುರು ಅಡಗುವುದೆಂದರೆ ಗಾಳಿ ಹಂದಿಯ ಕಡೆಯಿಂದ ತನ್ನ ಕಡೆಗೆ ಬೀಸುವ ಜಾಗ ಹಿಡಿಯುವುದು. ಗುಡ್ಡದ ನಾಡಿನಲ್ಲಿ ಆ ಜಾಗ ದಿನವಿಡೀ ಒಂದೇ ಆಗಿರುವುದಿಲ್ಲ. ಬಿಸಿಲೇರಿದಂತೆ ಕಾದ ಗಾಳಿ ಇಳಿಜಾರಿನುದ್ದಕ್ಕೂ ಮೇಲೇರುತ್ತದೆ, ಸಂಜೆ ತಣಿದು ಭಾರವಾಗಿ ಕಣಿವೆಗೆ ಇಳಿಯುತ್ತದೆ. ಮಧ್ಯಾಹ್ನ ದಿಬ್ಬದ ಮೇಲೆ ಸುರಕ್ಷಿತವಾಗಿ ಕೂತವನ ಬೆವರಿನ ವಾಸನೆ ಮುಸ್ಸಂಜೆ ಹೊತ್ತಿಗೆ ಕೆಳಗೆ ಮೇಯುವ ಹಿಂಡಿಗೆ ತಲುಪಿರುತ್ತದೆ. ಹಿಂದಿನವರು ಅಡಗುವ ಗೋಜಿಗೇ ಹೋಗದೆ ನಾಯಿಯ ಮೂಗನ್ನು ಕಡ ತಂದದ್ದೂ ಉಂಟು. ಮದ್ದೂರು ಸೀಮೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ, ಹಂದಿಯೊಡನೆ ಕಾದಾಡಿ ಅದರ ಜೊತೆಗೇ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ.

ವಾಸನೆ ಹೀರುವ ಇದ್ದಿಲು ಬೆರೆತ ಉಡುಪು ಸಿಗುತ್ತದಲ್ಲ ಎನ್ನಬಹುದು. ಇದ್ದಿಲು ವಾಸನೆಯ ಅಣುಗಳನ್ನು ಹಿಡಿಯುವುದು ನಿಜ. ಆದರೆ ಉಸಿರು, ಕೂದಲು, ಅಂಗೈ, ಬೂಟು ಎಲ್ಲವನ್ನೂ ಮುಚ್ಚುವ ಉಡುಪಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಮನುಷ್ಯರು ದಿನವೂ ಓಡಾಡುವ ಹೊಲಗಳಿಗೇ ಈ ಹಂದಿಗಳು ನುಗ್ಗುತ್ತವೆ, ಹಾಗಿದ್ದರೆ ನಮ್ಮ ವಾಸನೆಗೆ ಅವು ಅಂಜುವುದೆಲ್ಲಿ? ಹಂದಿ ಜಾಣ ಪ್ರಾಣಿ, ಕಲಿತದ್ದನ್ನು ಬೇಗ ಮರೆಯದು. ನಮ್ಮ ವಾಸನೆ ಅದಕ್ಕೆ ತಾನಾಗಿ ಭಯವಲ್ಲ; ಆ ವಾಸನೆ ಎಷ್ಟು ತಾಜಾ, ಹಿಂದೆ ಅದರ ಬೆನ್ನಿಗೆ ಏನು ಬಂತು ಎಂಬುದೇ ಮುಖ್ಯ. ಗುಂಡಿನ ಅನುಭವವಾದ ಹಿಂಡುಗಳು ಮೇವಿನ ಹೊತ್ತನ್ನೇ ರಾತ್ರಿಗೆ ಬದಲಿಸುವುದು ಈ ಕಲಿಕೆಗೆ ಸಾಕ್ಷಿ. ನಿನ್ನೆ ಉತ್ತವನ ಹಳೆಯ ವಾಸನೆಯನ್ನು ತುಳಿದುಕೊಂಡು ಬರುವ ಹಂದಿ, ಈಗಷ್ಟೇ ಬಂದು ಪೊದೆಯ ಹಿಂದೆ ಕೂತವನ ವಾಸನೆಗೆ ಓಟ ಕೀಳುತ್ತದೆ. ಅದಕ್ಕೇ ಪಳಗಿದ ಬೇಟೆಗಾರರು ಜೇಬಿನಲ್ಲಿ ಟಾಲ್ಕಂ ಪುಡಿಯ ಪುಟ್ಟ ಡಬ್ಬಿ ಇಟ್ಟುಕೊಳ್ಳುತ್ತಾರೆ. ಚಿಟಿಕೆ ಪುಡಿ ಹಾರಿಸಿ, ಅದು ಹಿಂಡಿನತ್ತ ತೇಲಿದರೆ ಸದ್ದಿಲ್ಲದೆ ಎದ್ದು ಬಳಸುದಾರಿ ಹಿಡಿಯುತ್ತಾರೆ.