ಕಣಗಳ ಜಾಡು ಹಿಡಿದ ಸಾಮಾನ್ಯರ ಕಣ್ಣು

ಮೊರದಲ್ಲಿ ಅಕ್ಕಿಯನ್ನು ಹರಡಿಕೊಂಡು ಕಲ್ಲು ಆರಿಸುವ ಗೃಹಿಣಿಯನ್ನು ನೋಡದವರಾರು? ಸಾವಿರ ಕಾಳುಗಳ ನಡುವೆ ಅಡಗಿರುವ ಒಂದು ಕಲ್ಲನ್ನು ಆಕೆಯ ಕಣ್ಣು ಕ್ಷಣಮಾತ್ರದಲ್ಲಿ ಹಿಡಿಯುತ್ತದೆ. ಹೇಗೆ ಕಂಡಿತೆಂದು ಕೇಳಿದರೆ ಆಕೆ ನಕ್ಕಾಳು, ವಿವರಿಸಲಾರಳು. ಆಧುನಿಕ ವಿಜ್ಞಾನವು ತನ್ನ ಅತ್ಯಂತ ಗಹನವಾದ ಶೋಧನೆಯೊಂದಕ್ಕೆ ಇಂಥ ಕಣ್ಣುಗಳ ನೆರವನ್ನೇ ಬೇಡಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಜಿನೀವಾ ನಗರದ ಬಳಿ, ಸ್ವಿಟ್ಸರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ನೆಲದಾಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವೊಂದಿದೆ. ಅದರೊಳಗಿನ ಸರ್ನ್ ಸಂಸ್ಥೆಯ ಮಹಾಯಂತ್ರದಲ್ಲಿ ಪ್ರೋಟಾನುಗಳನ್ನು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಓಡಿಸಿ, ಎದುರುಬದುರಾಗಿ ಢಿಕ್ಕಿ ಹೊಡೆಸುತ್ತಾರೆ. 1964ರಲ್ಲಿ ಪೀಟರ್ ಹಿಗ್ಸ್ ಮೊದಲಾದವರು ಊಹಿಸಿದ್ದ ಕಣವು ಇಲ್ಲಿಯೇ ದೊರೆಯಿತೆಂದು 2012ರ ಜುಲೈ 4ರಂದು ಪ್ರಕಟವಾಯಿತು. ಈ ಕಣವು ಸೇರಿದ ವರ್ಗಕ್ಕೆ ‘ಬೋಸಾನ್’ ಎಂಬ ಹೆಸರು ಬಂದದ್ದು ನಮ್ಮ ಸತ್ಯೇಂದ್ರನಾಥ ಬೋಸರಿಂದ.

ಹಿಗ್ಸ್ ಕಣವು ಹುಟ್ಟಿದೊಡನೆಯೇ ಒಡೆದುಹೋಗುತ್ತದೆ. ಆಗ ಇದುವರೆಗೆ ಯಾರೂ ಕಾಣದ ಹೊಸ ಕಣಗಳು ಹುಟ್ಟುತ್ತಿರಬಹುದೆ? ವಿದ್ಯುದಂಶವಿಲ್ಲದ ಕಣವು ಗೆರೆಯನ್ನು ಮೂಡಿಸುವುದಿಲ್ಲ. ಆದರೆ ಅದು ಕಾಣದಂತೆ ಕೊಂಚ ದೂರ ಸಾಗಿ ಒಡೆದರೆ, ಆ ಸ್ಥಳದಿಂದ ಗೆರೆಗಳ ಗೊಂಚಲೊಂದು ಹೊರಡುವುದುಂಟು. ಚಿತ್ರದಲ್ಲಿ ಮಿಕ್ಕ ಗೆರೆಗಳೆಲ್ಲ ನಡುವಿನಿಂದ ಚಿಮ್ಮಿದರೆ, ಈ ಗೊಂಚಲು ಮಾತ್ರ ಬದಿಯಲ್ಲಿ ಮೊಳೆತಂತೆ ತೋರುತ್ತದೆ.

ಅದನ್ನು ಅರಸಲು ಗಣಕಯಂತ್ರಗಳಿಲ್ಲವೆ? ಇವೆ. ಆದರೆ ಯಂತ್ರವು ತನಗೆ ಹೇಳಿಕೊಟ್ಟದ್ದನ್ನು ಹುಡುಕುತ್ತದೆ. ಯಾರೂ ಹೇಳದಿದ್ದ ವಿಚಿತ್ರವನ್ನು ಕಂಡು ಬೆರಗಾಗುವ ಶಕ್ತಿ ಮನುಷ್ಯನದು. ಆದುದರಿಂದ 2014ರ ನವೆಂಬರಿನಲ್ಲಿ ಆಕ್ಸ್‌ಫರ್ಡ್ ಮತ್ತು ನ್ಯೂಯಾರ್ಕಿನ ವಿಜ್ಞಾನಿಗಳು ‘ಹಿಗ್ಸ್ ಹಂಟರ್ಸ್’ ಎಂಬ ಯೋಜನೆಯನ್ನು ಆರಂಭಿಸಿ, ಅಟ್ಲಾಸ್ ಎಂಬ ಶೋಧಕದ ಚಿತ್ರಗಳನ್ನು ಅಂತರ್ಜಾಲದ ಮೂಲಕ ಸಾರ್ವಜನಿಕರ ಮುಂದಿಟ್ಟರು. ಬದಿಯಲ್ಲಿ ಹುಟ್ಟಿದ ಗೊಂಚಲನ್ನು ಗುರುತಿಸುವುದು, ಅದರಲ್ಲಿ ಗೆರೆಗಳೆಷ್ಟೆಂದು ಎಣಿಸುವುದು, ವಿಚಿತ್ರವೆನಿಸಿದುದನ್ನು ತಿಳಿಸುವುದು: ಇಷ್ಟೇ ಕೆಲಸ. ಇದಕ್ಕೆ ಭೌತವಿಜ್ಞಾನದ ಪದವಿ ಬೇಕಾಗಿರಲಿಲ್ಲ. ಒಬ್ಬರ ಕಣ್ಣು ತಪ್ಪಬಹುದೆಂದು ಒಂದೇ ಚಿತ್ರವನ್ನು ಅನೇಕರಿಗೆ ತೋರಿಸಿದರು. ಉತ್ತರವು ಮೊದಲೇ ತಿಳಿದಿದ್ದ ಕೃತಕ ಚಿತ್ರಗಳನ್ನೂ ನಡುನಡುವೆ ಬೆರೆಸಿ, ನೋಡುವವರ ಕಣ್ಣನ್ನು ಪರೀಕ್ಷಿಸಿದರು.

30,000ಕ್ಕೂ ಹೆಚ್ಚು ಜನ ಸ್ವಯಂಸೇವಕರು ಮುಂದೆ ಬಂದು, 10 ಲಕ್ಷಕ್ಕೂ ಮಿಕ್ಕ ಗುರುತುಗಳನ್ನು ಮಾಡಿದರು. ಅವುಗಳನ್ನು ಕೂಡಿಸಿ ನೋಡಿದಾಗ, ಈ ಕೆಲಸದಲ್ಲಿ ಸಾಮಾನ್ಯರು ಗಣಕಯಂತ್ರಕ್ಕೆ ಸರಿಸಮನಾಗಿ ನಿಲ್ಲಬಲ್ಲರೆಂಬುದು ಸಿದ್ಧವಾಯಿತು. ಹೊಸ ಕಣವೇನೋ ಕೈಗೆ ಸಿಕ್ಕಲಿಲ್ಲ. ಆದರೂ ಆ ಶ್ರಮ ವ್ಯರ್ಥವಾಯಿತೆನ್ನಲಾಗದು. ಇಲ್ಲವೆಂಬುದನ್ನು ಹೇಳಬೇಕಾದರೂ ಯಾರಾದರೂ ಮೊದಲು ನೋಡಿರಬೇಕಷ್ಟೆ.

ಇದಕ್ಕೊಂದು ಪೂರ್ವಕಥೆಯೂ ಉಂಟು. 1940ರ ದಶಕದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಸೆಸಿಲ್ ಪೊವೆಲ್ ಅವರು ವಿಶ್ವಕಿರಣಗಳು ಛಾಯಾಚಿತ್ರದ ಫಲಕಗಳ ಮೇಲೆ ಮೂಡಿಸಿದ ಜಾಡುಗಳನ್ನು ಪರಿಶೀಲಿಸುತ್ತಿದ್ದರು. ಸೂಕ್ಷ್ಮದರ್ಶಕದ ಮುಂದೆ ದಿನವಿಡೀ ಕುಳಿತು ಆ ಜಾಡುಗಳನ್ನು ಅರಸಲು ಭೌತವಿಜ್ಞಾನ ಓದದ ತರುಣಿಯರನ್ನು ಸಂಬಳಕ್ಕೆ ನೇಮಿಸಲಾಗಿತ್ತು. 1947ರಲ್ಲಿ ಪಯಾನ್ ಎಂಬ ಕಣದ ಜಾಡು ಮೊದಲು ಕಣ್ಣಿಗೆ ಬಿದ್ದದ್ದು ಅವರಲ್ಲೊಬ್ಬರಾದ ಮಾರಿಯೆಟ್ಟಾ ಕುರ್ಟ್ಸ್ ಅವರಿಗೆ. 1950ರ ನೊಬೆಲ್ ಪಾರಿತೋಷಕ ಪೊವೆಲ್ ಅವರಿಗೆ ಸಂದಿತು. ಆದರೆ ಆ ಗುಂಪಿನವರು ತಮ್ಮ ಪ್ರಬಂಧಗಳಲ್ಲಿ ಚಿತ್ರದ ಕೆಳಗೆ, ಅದನ್ನು ಮೊದಲು ಕಂಡಾಕೆಯ ಹೆಸರನ್ನೂ ಅಚ್ಚು ಹಾಕಿಸುತ್ತಿದ್ದರು.

ಆ ಸೌಜನ್ಯ ಸಣ್ಣದಲ್ಲ. ಬುದ್ಧಿವಂತರ ಸಿದ್ಧಾಂತ, ಬಲಿಷ್ಠವಾದ ಯಂತ್ರ, ಇವೆರಡರ ನಡುವೆ ತಾಳ್ಮೆಯಿಂದ ನೋಡುವ ಕಣ್ಣೊಂದು ಬೇಕು. ಆ ಕಣ್ಣು ಯಾರದ್ದೆಂಬುದನ್ನು ನೆನೆಯುವುದು ವಿಜ್ಞಾನದ ಋಣವೇ ಸರಿ.