ರಿಯೊ ಕೊಳೆಗೇರಿಗಳ ಜೂಡೊ ಪಾಠ

ಬಡತನ ಮತ್ತು ಹಿಂಸೆಯ ನಡುವೆ ಬೆಳೆಯುವ ಮಕ್ಕಳಿಗೆ ಕರಾಟೆ, ಜೂಡೊ, ಟೇಕ್ವಾಂಡೊ ಮುಂತಾದ ಸಮರಕಲೆಗಳನ್ನು ಕಲಿಸಿದರೆ ಶಿಸ್ತು, ಸಂಯಮ, ಪರರ ಬಗೆಗಿನ ಗೌರವ ತಾವಾಗಿಯೇ ಮೈಗೂಡುತ್ತವೆ ಎಂಬ ನಂಬಿಕೆ ಹಲವು ದೇಶಗಳಲ್ಲಿ ಬೇರೂರಿದ್ದು, ಸರ್ಕಾರಗಳೂ ಸ್ವಯಂಸೇವಾ ಸಂಸ್ಥೆಗಳೂ ಅದನ್ನೇ ನೆಚ್ಚಿ ಹಣ ವ್ಯಯಿಸುತ್ತಿವೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಒಂದೇ ಕಲೆ ಒಬ್ಬ ಗುರುವಿನ ಕೈಯಲ್ಲಿ ಮಗುವನ್ನು ಎತ್ತಿ ನಿಲ್ಲಿಸಿದರೆ ಇನ್ನೊಬ್ಬನ ಕೈಯಲ್ಲಿ ಅದೇ ಮಗುವನ್ನು ತುಳಿಯಬಲ್ಲದು ಎಂಬುದಕ್ಕೆ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಜೂಡೊ ಶಾಲೆಗಳ ಚರಿತ್ರೆಯಲ್ಲಿ ಸ್ಪಷ್ಟವಾದ ಸಾಕ್ಷ್ಯ ದೊರೆಯುತ್ತದೆ.

ಜೂಡೊ ಹುಟ್ಟಿದ್ದೇ ಒಬ್ಬ ಶಿಕ್ಷಕನ ಕೈಯಲ್ಲಿ. ಬಾಲ್ಯದಲ್ಲಿ ಗಿಡ್ಡ ದೇಹದ, ದುರ್ಬಲ ಹುಡುಗನಾಗಿ ಸಹಪಾಠಿಗಳ ಕಾಟವನ್ನು ಅನುಭವಿಸಿದ್ದ ಕಾನೊ ಜಿಗೊರೊ (1860–1938) ಜಪಾನಿನ ಹಳೆಯ ಜುಜುತ್ಸು ಎಂಬ ಮಲ್ಲಕಲೆಯನ್ನು ಕಲಿತು, ಅದರ ಪ್ರಾಣಾಂತಿಕ ಪಟ್ಟುಗಳನ್ನು ಮುಕ್ತ ಅಭ್ಯಾಸದ ಹೊರಗಿಟ್ಟು, 1882ರಲ್ಲಿ ಟೋಕಿಯೊದ ಏಶೋಜಿ ದೇವಾಲಯದಲ್ಲಿ ಹನ್ನೆರಡು ಚಾಪೆಗಳಷ್ಟೇ ಹಿಡಿಸುವ ಜಾಗದಲ್ಲಿ ಕೊಡೊಕಾನ್ ಎಂಬ ತನ್ನ ಶಾಲೆಯನ್ನು ಆರಂಭಿಸಿದನು. ಮುಂದೆ ಶಿಕ್ಷಕರನ್ನು ತರಬೇತುಗೊಳಿಸುವ ಟೋಕಿಯೊದ ಉನ್ನತ ವಿದ್ಯಾಸಂಸ್ಥೆಗೆ ಮುಖ್ಯಸ್ಥನಾಗಿ ದೀರ್ಘಕಾಲ ದುಡಿದ ಈತನಿಗೆ ಜೂಡೊ ಎಂಬುದು ಗೆಲ್ಲುವ ವಿದ್ಯೆಗಿಂತ ಹೆಚ್ಚಾಗಿ ವ್ಯಕ್ತಿಯನ್ನು ರೂಪಿಸುವ ಸಾಧನವಾಗಿತ್ತು. ‘ಸೇರ್ಯೊಕು ಝೆನ್ಯೊ’, ಅಂದರೆ ದೇಹ ಮತ್ತು ಮನಸ್ಸಿನ ಶಕ್ತಿಯನ್ನು ಅತ್ಯುತ್ತಮವಾಗಿ ಬಳಸುವುದು, ಹಾಗೂ ‘ಜಿತಾ ಕ್ಯೋಯೆ’, ಅಂದರೆ ತನ್ನ ಏಳಿಗೆಯನ್ನೂ ಪರರ ಏಳಿಗೆಯನ್ನೂ ಜೊತೆಜೊತೆಯಾಗಿ ಸಾಧಿಸುವುದು, ಎಂಬ ಎರಡು ತತ್ತ್ವಗಳನ್ನು 1922ರಲ್ಲಿ ಆತ ಜೂಡೊದ ತಳಹದಿಯೆಂದು ಘೋಷಿಸಿದನು.

ಇಂಥ ತತ್ತ್ವಗಳು ಎಂಟು ವರ್ಷದ ಮಗುವಿಗೆ ಉಪನ್ಯಾಸದಿಂದ ತಲುಪುವುದಿಲ್ಲ; ಅವು ಮೈಯ ಮೂಲಕವೇ ಒಳಗಿಳಿಯಬೇಕು. ಜೂಡೊ ಕಲಿಯಲು ಬಂದ ಮಗುವಿಗೆ ಮೊದಲು ಹೇಳಿಕೊಡುವುದು ಎದುರಾಳಿಯನ್ನು ಕೆಡಹುವ ಪಟ್ಟನ್ನಲ್ಲ, ‘ಉಕೆಮಿ’ಯನ್ನು, ಅಂದರೆ ಪೆಟ್ಟಾಗದಂತೆ ಬೀಳುವ ವಿಧಾನವನ್ನು. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ದುಂಡಾಗಿಸಿ, ತೋಳಿನಿಂದ ಚಾಪೆಯನ್ನು ಬಡಿದು ಬೀಳುವ ಈ ಅಭ್ಯಾಸವನ್ನು ನೂರಾರು ಸಲ ಮಾಡಿದ ಮಗುವಿಗೆ ಸೋಲಿನಲ್ಲಿ ಭಯಪಡುವಂಥದ್ದೇನೂ ಇಲ್ಲವೆಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ಅರಿವಾಗುತ್ತದೆ. ‘ಟಾಟಾಮಿ’ ಎಂದು ಕರೆಯುವ ಚಾಪೆಯನ್ನು ಏರುವಾಗ ಮತ್ತು ಇಳಿಯುವಾಗ, ಪ್ರತಿ ಸೆಣಸಾಟದ ಮೊದಲು ಮತ್ತು ಕೊನೆಗೆ, ತಲೆಬಾಗಿ ವಂದಿಸುವುದು ಕಡ್ಡಾಯ; ಗರಡಿ ಮನೆಯಲ್ಲಿ ಮಣ್ಣು ಮುಟ್ಟಿ ನಮಸ್ಕರಿಸಿ ಅಖಾಡಕ್ಕೆ ಇಳಿಯುವ ಪೈಲ್ವಾನರನ್ನು ಕಂಡವರಿಗೆ ಈ ವಂದನೆಯ ಭಾವ ಅಪರಿಚಿತವೆನಿಸದು. ಎಲ್ಲಕ್ಕಿಂತ ಅರ್ಥಪೂರ್ಣವಾದದ್ದು ಕೈತಟ್ಟುವ ನಿಯಮ: ಬಿಗಿಯಾದ ಹಿಡಿತಕ್ಕೆ ಸಿಕ್ಕವನು ಎರಡು ಸಲ ತಟ್ಟಿದೊಡನೆ ಹಿಡಿದವನು ಆ ಕ್ಷಣವೇ ಬಿಟ್ಟುಬಿಡಬೇಕು. ಬಲಶಾಲಿಯಾದವನು ದುರ್ಬಲನ ಒಂದು ಸಂಕೇತಕ್ಕೆ ಓಗೊಟ್ಟು ನಿಲ್ಲುತ್ತಾನೆ ಎಂಬ ಈ ಅನುಭವ, ಬಂದೂಕು ಹಿಡಿದವನ ಮಾತೇ ನಡೆಯುವ ಬೀದಿಯಿಂದ ಬಂದ ಮಗುವಿನ ಪಾಲಿಗೆ ಎಷ್ಟು ಹೊಸದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಅಂಥ ಬೀದಿಗಳು ರಿಯೊದಲ್ಲಿ ಹೇರಳವಾಗಿವೆ. ಬೆಟ್ಟದ ಇಳಿಜಾರುಗಳಲ್ಲಿ ಒಂದರ ಮೇಲೊಂದು ಒತ್ತೊತ್ತಾಗಿ ಕಟ್ಟಿಕೊಂಡ ಮನೆಗಳ ವಸತಿಗಳನ್ನು ಅಲ್ಲಿ ಫವೇಲಾ ಎನ್ನುತ್ತಾರೆ; ಅವುಗಳಲ್ಲಿ ರೊಸಿನ್ಯಾ ಬಹಳ ದೊಡ್ಡದು. ‘ದೇವರ ನಗರ’ ಎಂಬ ಅರ್ಥದ ಸಿಡಾಡೆ ಡೆ ಡೆಯುಸ್ ಬಡಾವಣೆಯನ್ನು 1960ರ ದಶಕದಲ್ಲಿ ಸರ್ಕಾರವೇ, ನಗರದ ಇತರ ಫವೇಲಾಗಳಿಂದ ಎಬ್ಬಿಸಿದ ಕುಟುಂಬಗಳಿಗಾಗಿ, ಕಟ್ಟಿಸಿತು. ಮಾದಕವಸ್ತು ಮಾರುವ ಸಶಸ್ತ್ರ ಗುಂಪುಗಳಿಗೂ ಪೊಲೀಸರಿಗೂ ನಡೆಯುವ ಗುಂಡಿನ ಕಾಳಗದ ನಡುವೆ ಶಾಲೆಗೆ ಹೋಗಬೇಕಾದ ಇಲ್ಲಿನ ಹುಡುಗರಿಗೆ ಬೇಗ ಹಣವನ್ನೂ ಗೌರವವನ್ನೂ ನೀಡುವಂತೆ ಕಾಣುವ ದಾರಿ ಆ ಗುಂಪುಗಳದ್ದೇ ಆಗಿರುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಜೂಡೊ ಪಟು ಫ್ಲಾವಿಯೊ ಕಾಂಟೊ ಆ ಪದಕಕ್ಕೂ ಮೊದಲೇ ರೊಸಿನ್ಯಾದ ಮಕ್ಕಳಿಗೆ ಜೂಡೊ ಕಲಿಸಲಾರಂಭಿಸಿ, 2003ರಲ್ಲಿ ‘ಇನ್‌ಸ್ಟಿಟ್ಯೂಟೊ ರೆಯಾಸಾಂವ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬ್ರೆಜಿಲ್ ತಂಡಕ್ಕೆ ಒಲಿಂಪಿಕ್ಸ್‌ಗಳಲ್ಲಿ ತರಬೇತಿ ನೀಡಿದ್ದ ಅವರ ಗುರು ಜೆರಾಲ್ಡೊ ಬೆರ್ನಾರ್ಡೆಸ್ ಅವರೂ ಈ ಕೆಲಸದಲ್ಲಿ ಜೊತೆಯಾದರು. ಚಾಪೆಯ ಮೇಲೂ ಚಾಪೆಯ ಆಚೆಗೂ ಕಪ್ಪು ಬೆಲ್ಟ್‌ಗೆ ತಕ್ಕವರನ್ನು ರೂಪಿಸುವುದೇ ಸಂಸ್ಥೆಯ ಗುರಿಯಾದ್ದರಿಂದ, ಜೂಡೊ ತರಗತಿಯ ಜೊತೆಗೆ ಶಾಲಾ ಪಾಠಗಳಿಗೆ ಒತ್ತಾಸೆ ನೀಡುವ ಶಿಕ್ಷಣ ವಿಭಾಗವೂ ಅಲ್ಲಿ ನಡೆಯುತ್ತದೆ.

ಈ ಶಾಲೆಯಲ್ಲಿ ಬೆಳೆದವರಲ್ಲಿ ಹೆಚ್ಚು ಪ್ರಸಿದ್ಧರಾದವರು ಸಿಡಾಡೆ ಡೆ ಡೆಯುಸ್‌ನ ರಫಾಯೆಲಾ ಸಿಲ್ವಾ. ಬೀದಿಯಲ್ಲಿ ಹುಡುಗರೊಂದಿಗೆ ಜಗಳವಾಡಿಕೊಂಡಿದ್ದ ಈಕೆಯನ್ನೂ ಅಕ್ಕನನ್ನೂ ತಂದೆ ತಾಯಿ ಜೂಡೊಗೆ ಸೇರಿಸಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎದುರಾಳಿಯ ಕಾಲನ್ನು ಹಿಡಿದು ನಿಯಮ ಮುರಿದುದಕ್ಕಾಗಿ ಅನರ್ಹಗೊಂಡಾಗ, ಕಪ್ಪು ವರ್ಣದವಳೆಂಬ ಕಾರಣಕ್ಕೆ ಸಾಮಾಜಿಕ ಜಾಲತಾಣಗಳಲ್ಲಿ ಸುರಿದ ನಿಂದನೆ ಎಷ್ಟು ಕಟುವಾಗಿತ್ತೆಂದರೆ ಆಕೆ ಕ್ರೀಡೆಯನ್ನೇ ಬಿಡುವ ಯೋಚನೆಯಲ್ಲಿದ್ದರು. ಗುರು ಬೆರ್ನಾರ್ಡೆಸ್ ಕೈಬಿಡಲಿಲ್ಲ, ಮನಶ್ಶಾಸ್ತ್ರಜ್ಞೆಯೊಬ್ಬರ ನೆರವೂ ದೊರೆಯಿತು. ಮರುವರ್ಷವೇ ರಿಯೊದಲ್ಲಿ ವಿಶ್ವ ಚಾಂಪಿಯನ್ ಆದ ರಫಾಯೆಲಾ 2016ರಲ್ಲಿ ಹುಟ್ಟೂರಿನಲ್ಲೇ ನಡೆದ ಒಲಿಂಪಿಕ್ಸ್‌ನಲ್ಲಿ ಬ್ರೆಜಿಲ್‌ಗೆ ಆ ಕೂಟದ ಮೊದಲ ಚಿನ್ನವನ್ನು ತಂದರು. ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ಪತ್ರಿಕೆಗಳ ವಾಡಿಕೆ. ಆದರೆ 2019ರಲ್ಲಿ ನಿಷೇಧಿತ ವಸ್ತುವಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷಗಳ ನಿಷೇಧಕ್ಕೊಳಗಾಗಿ ಟೋಕಿಯೊ ಒಲಿಂಪಿಕ್ಸ್ ತಪ್ಪಿಸಿಕೊಂಡ ಆಕೆ, 2022ರಲ್ಲಿ ಮತ್ತೆ ವಿಶ್ವ ಪ್ರಶಸ್ತಿ ಗೆದ್ದುದನ್ನೂ ಸೇರಿಸಿ ನೋಡಿದಾಗಲೇ ಮಾರ್ಗದರ್ಶನ ಎಷ್ಟು ದೀರ್ಘವಾದ ಕೆಲಸವೆಂಬುದು ತಿಳಿಯುತ್ತದೆ.

ಅದೇ ಶಾಲೆಗೆ ಬಂದ ಇನ್ನಿಬ್ಬರ ಅನುಭವ ಇದಕ್ಕಿಂತಲೂ ಹೆಚ್ಚನ್ನು ತಿಳಿಸುತ್ತದೆ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಯುದ್ಧದಲ್ಲಿ ಬಾಲ್ಯದಲ್ಲೇ ಕುಟುಂಬದಿಂದ ಬೇರ್ಪಟ್ಟ ಪೊಪೋಲೆ ಮಿಸೆಂಗಾ ಮತ್ತು ಯೋಲಾಂಡೆ ಮಬಿಕಾ, ರಾಜಧಾನಿ ಕಿನ್ಶಾಸಾದಲ್ಲಿ ನಿರಾಶ್ರಿತ ಮಕ್ಕಳಾಗಿದ್ದಾಗ ಜೂಡೊ ಕಲಿತವರು. ಅನಾಥ ಸ್ಥಿತಿಯಲ್ಲಿದ್ದ ಅವರಿಗೆ ಚಾಪೆ ಆಸರೆಯಾಯಿತು. ಆದರೆ ಪಂದ್ಯದಲ್ಲಿ ಸೋತು ಬಂದಾಗ ತರಬೇತುದಾರರು ತಮ್ಮನ್ನು ಪಂಜರದಂಥ ಕೋಣೆಯಲ್ಲಿ ಕೂಡಿಹಾಕಿ, ಅನ್ನಕ್ಕೂ ಕತ್ತರಿ ಹಾಕುತ್ತಿದ್ದರೆಂದು ಅವರು ಹೇಳಿಕೊಂಡಿದ್ದಾರೆ. 2013ರ ವಿಶ್ವ ಚಾಂಪಿಯನ್‌ಷಿಪ್‌ಗೆಂದು ರಿಯೊಗೆ ಬಂದಾಗ ಇಬ್ಬರೂ ತಂಡವನ್ನು ತೊರೆದು ಬ್ರೆಜಿಲ್‌ನಲ್ಲಿ ಆಶ್ರಯ ಪಡೆದರು. ಬೆರ್ನಾರ್ಡೆಸ್ ಅವರ ಬಳಿ ಅಭ್ಯಾಸಕ್ಕೆ ಸೇರಿದಾಗ ಮೊದಮೊದಲು ಇವರು ಜೊತೆಯ ಅಭ್ಯಾಸಿಗಳನ್ನೂ ಶತ್ರುಗಳಂತೆ ಒರಟಾಗಿ ಎಸೆಯುತ್ತಿದ್ದರು. ಸೋತರೆ ಶಿಕ್ಷೆ ಎಂಬ ಭಯದಲ್ಲೇ ಕಲಿತವರಿಗೆ ಎದುರಿಗಿರುವವನು ಜೊತೆಗಾರನೂ ಹೌದೆಂದು ತಿಳಿಯಲು ಕಾಲ ಹಿಡಿಯಿತು. 2016ರಲ್ಲಿ ಮೊದಲ ಬಾರಿಗೆ ಕಣಕ್ಕಿಳಿದ ನಿರಾಶ್ರಿತರ ಒಲಿಂಪಿಕ್ ತಂಡದ ಹತ್ತು ಮಂದಿಯಲ್ಲಿ ಇವರಿಬ್ಬರೂ ಇದ್ದರು. ಮಿಸೆಂಗಾ ತನ್ನ ಮೊದಲ ಸುತ್ತಿನಲ್ಲಿ ಸೋಲಿಸಿದ್ದು ಭಾರತದ ಅವತಾರ್ ಸಿಂಗ್ ಅವರನ್ನು. ಮುಂದಿನ ಸುತ್ತಿನಲ್ಲಿ ಕೊರಿಯಾದ ವಿಶ್ವ ಚಾಂಪಿಯನ್‌ಗೆ ಸೋತರೂ ಈ ಬಾರಿ ಆತನಿಗಾಗಿ ಪಂಜರ ಕಾದಿರಲಿಲ್ಲ. ಕಿನ್ಶಾಸಾದಲ್ಲಿಯೂ ರಿಯೊದಲ್ಲಿಯೂ ಪಟ್ಟುಗಳು ಅವೇ, ವಂದನೆಯೂ ಅದೇ, ಬಿಳಿ ಸಮವಸ್ತ್ರವೂ ಅದೇ. ಬದಲಾದದ್ದು ಸೋತ ಮಗುವಿನೊಂದಿಗೆ ಹಿರಿಯರು ನಡೆದುಕೊಂಡ ರೀತಿ.

ಸಂಶೋಧನೆಗಳೂ ಇದೇ ದಿಕ್ಕಿನತ್ತ ಬೆರಳು ಮಾಡುತ್ತವೆ. ಅಮೆರಿಕದ ಮೈಕೆಲ್ ಟ್ರುಲ್ಸನ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಾಧ ಪ್ರವೃತ್ತಿ ತೋರಿದ್ದ 13ರಿಂದ 17 ವರ್ಷದೊಳಗಿನ 34 ಹುಡುಗರನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಆರು ತಿಂಗಳ ಕಾಲ ತರಬೇತಿ ನೀಡಲಾಯಿತು. ಧ್ಯಾನ, ಗೌರವ, ವಿನಯಗಳ ಪಾಠವನ್ನೂ ಒಳಗೊಂಡ ಸಾಂಪ್ರದಾಯಿಕ ಟೇಕ್ವಾಂಡೊ ಕಲಿತ ಗುಂಪಿನಲ್ಲಿ ಆಕ್ರಮಣಶೀಲತೆ ಇಳಿದು ಆತ್ಮಗೌರವ ಹೆಚ್ಚಿತು; ಬರೀ ಹೊಡೆದಾಟದ ತಂತ್ರಗಳನ್ನು ಕಲಿತ ಗುಂಪಿನಲ್ಲಿ ಆಕ್ರಮಣಶೀಲತೆ ಏರಿತು. ಇಷ್ಟು ಚಿಕ್ಕ ಸಂಖ್ಯೆಯ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದಾದರೂ, ನಾರ್ವೆಯಲ್ಲಿ ಎಂಡ್ರೆಸೆನ್ ಮತ್ತು ಓಲ್ವೆಯುಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವಿಕೆ ಮತ್ತು ಸಮರಕಲೆಗಳಲ್ಲಿ ತೊಡಗಿದ ಹುಡುಗರಲ್ಲಿ ಸಮಾಜವಿರೋಧಿ ನಡವಳಿಕೆ ಹೆಚ್ಚಿದುದನ್ನು ದಾಖಲಿಸಿತು. ಇದಕ್ಕೆ ವ್ಯತಿರಿಕ್ತವಾಗಿ, ಲೇಕ್ಸ್ ಮತ್ತು ಹಾಯ್ಟ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾನೆಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ, ಏನು ಮಾಡುತ್ತಿರಬೇಕು ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವಂತೆ ಟೇಕ್ವಾಂಡೊ ತರಗತಿಯಲ್ಲಿ ರೂಢಿಸಲ್ಪಟ್ಟ ಶಾಲಾ ಮಕ್ಕಳಲ್ಲಿ ಆತ್ಮನಿಯಂತ್ರಣ ಗಮನಾರ್ಹವಾಗಿ ಸುಧಾರಿಸಿತು.

ಈ ವಿಚಾರ ಕರ್ನಾಟಕಕ್ಕೂ ನೇರವಾಗಿ ಸಂಬಂಧಿಸಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ದೊರೆಯುತ್ತದೆ. ಪರಿಶಿಷ್ಟ ಮತ್ತು ಹಿಂದುಳಿದ ಸಮುದಾಯಗಳ ವಸತಿ ಶಾಲೆ ಹಾಗೂ ವಿದ್ಯಾರ್ಥಿನಿಲಯಗಳಲ್ಲಿ ಚಿತ್ರದುರ್ಗದ ಓಬವ್ವಳ ಹೆಸರಿನಲ್ಲಿ ಕರಾಟೆಯನ್ನು ಕಲಿಸಲಾಗುತ್ತಿದೆ. ಇವು ಬೇಕಾದ ಯೋಜನೆಗಳೇ. ಮೈಮೇಲೆ ಬಂದವನನ್ನು ತಡೆಯಬಲ್ಲೆನೆಂಬ ಧೈರ್ಯ ಹಳ್ಳಿಯ ಹುಡುಗಿಗೆ ಸಣ್ಣ ಲಾಭವೇನಲ್ಲ. ಆದರೆ ಮೂರು ತಿಂಗಳಲ್ಲಿ ಒದೆತ, ತಡೆಗಳನ್ನು ಹೇಳಿಕೊಟ್ಟು ಹೊರಟುಹೋಗುವ ತರಬೇತುದಾರರಿಗೆ ಆ ಹುಡುಗಿಯ ಹೆಸರು ನೆನಪಿಗೆ ನಿಲ್ಲುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ. ವಸತಿ ಶಾಲೆಯಲ್ಲಿ ವರ್ಷಪೂರ್ತಿ ಮಕ್ಕಳೊಂದಿಗಿರುವ ದೈಹಿಕ ಶಿಕ್ಷಣ ಶಿಕ್ಷಕರನ್ನೂ ನಿಲಯ ಮೇಲ್ವಿಚಾರಕಿಯರನ್ನೂ ಅದೇ ತರಗತಿಯಲ್ಲಿ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ ಕಲಿಸಿದರೆ, ತರಬೇತುದಾರರು ಹೋದ ಮೇಲೂ ಪ್ರತಿ ಸಂಜೆಯ ಅಭ್ಯಾಸವನ್ನು ಮುಂದುವರಿಸಲು, ಜಗಳವಾಡಿದ ಇಬ್ಬರನ್ನು ಎದುರುಬದುರು ನಿಲ್ಲಿಸಿ ವಂದನೆ ಮಾಡಿಸಲು, ಬಿದ್ದವಳನ್ನು ಮತ್ತೆ ಎಬ್ಬಿಸಿ ನಿಲ್ಲಿಸಲು ಅಲ್ಲಿ ಯಾರಾದರೊಬ್ಬರು ಉಳಿದಿರುತ್ತಾರೆ.